ಕುರಿ ಹೂಡುವ ಕ್ರಮ: ಹುಲಿ-ಕುರಿ ಆಟದ ಪಾಠಗಳು

ಚೆನ್ನೈಯ ಪುರಸೈವಾಕ್ಕಂನ ನಮ್ಮ ಬೀದಿಯ ತಮಿಳು ಮಕ್ಕಳಿಗೆ ಇದು ಆಡು ಪುಲಿ ಆಟ್ಟಂ, ಕನ್ನಡದ ಮನೆಗಳಲ್ಲಿ ಹುಲಿ-ಕುರಿ ಆಟ. ತಮಿಳುನಾಡು, ಕರ್ನಾಟಕ ಎರಡೂ ಕಡೆ ಹಳೆಯ ಗುಡಿಗಳ ಕಲ್ಲುಹಾಸಿನ ಮೇಲೆ ಈ ಫಲಕವನ್ನು ಕೆತ್ತಿದ್ದಾರೆ. ನಾನು ಮಕ್ಕಳಿಗೆ ಕಲಿಸುವುದು ವರಾಂಡದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು. ಹುಲಿಗೆ ಬೆಣಚುಕಲ್ಲು, ಕುರಿಗೆ ಹುಣಸೆಬೀಜ.

ಫಲಕ ಹೀಗೆ: ಶಿಖರದಲ್ಲಿ ಒಂದು ಮನೆ. ಅಲ್ಲಿಂದ ನಾಲ್ಕು ಗೆರೆಗಳು ಇಳಿದು ತಳದ ನಾಲ್ಕು ಮನೆಗಳನ್ನು ಮುಟ್ಟುತ್ತವೆ; ತಳದ ಮನೆಗಳನ್ನೂ ಒಂದು ಅಡ್ಡಗೆರೆ ಕೂಡಿಸುತ್ತದೆ. ನಡುವೆ ಮೂರು ಅಡ್ಡಸಾಲು, ಒಂದೊಂದರಲ್ಲಿ ಆರು ಮನೆ. ಈ ಸಾಲುಗಳ ಹೊರತುದಿಗಳನ್ನು ಎಡಕ್ಕೊಂದು, ಬಲಕ್ಕೊಂದು ನೆಟ್ಟಗೆರೆ ಕೂಡಿಸುತ್ತದೆ. ಒಟ್ಟು 23 ಮನೆ. ಹುಲಿ 3, ಕುರಿ 15. ಸರದಿಗೊಂದರಂತೆ ಕುರಿ ಹೂಡಬೇಕು. ಹದಿನೈದೂ ಇಳಿಯುವ ತನಕ ಯಾವ ಕುರಿಯೂ ಕದಲುವಂತಿಲ್ಲ. ಹುಲಿ ಮಾತ್ರ ಮೊದಲ ಸರದಿಯಿಂದಲೇ ನಡೆಯುತ್ತದೆ. ಪಕ್ಕದ ಕುರಿಯ ಆಚೆಗೆ ಅದೇ ಗೆರೆಯಲ್ಲಿ ಖಾಲಿ ಮನೆಯಿದ್ದರೆ ಹಾರಿ ತಿನ್ನುತ್ತದೆ. ಮೂರೂ ಹುಲಿ ಕದಲಲಾಗದಂತೆ ಕಟ್ಟಿಹಾಕಿದರೆ ಕುರಿಯವರ ಗೆಲುವು. ಊರಿಂದೂರಿಗೆ ಫಲಕವೂ ನಿಯಮವೂ ಬದಲಾಗುತ್ತವೆ. ನಾನು ಹೇಳುವುದು ಈ ಫಲಕಕ್ಕೆ.

1. ಹೂಡುವಾಗಲೇ ಆಟ ತೀರ್ಮಾನವಾಗುತ್ತದೆ. 23ರಲ್ಲಿ 18 ಕಾಯಿ ತುಂಬಿದರೆ ಉಳಿಯುವುದು 5 ಖಾಲಿ ಮನೆ. ಒಂದು ಕುರಿ ಹೋದರೆ 6, ಎರಡು ಹೋದರೆ 7. ನಷ್ಟವಾಗುವುದು ಬರೀ ಒಂದು ಬೀಜವಲ್ಲ, ಹುಲಿಗೆ ಹೊಸದೊಂದು ದಾರಿ ತೆರೆಯುತ್ತದೆ. ನೇಪಾಳದ ಬಾಘ್ ಚಾಲ್‌ನಲ್ಲಿ 25 ಮನೆಗೆ 4 ಹುಲಿ, 20 ಕುರಿ; ಒಂದೂ ಸಾಯದಿದ್ದರೆ ಅಲ್ಲಿ ಉಳಿಯುವುದು ಒಂದೇ ಖಾಲಿ ಮನೆ. ಇಬ್ಬರೂ ತಪ್ಪಿಲ್ಲದೆ ಆಡಿದರೆ ಆ ಆಟ ಸಮಬಲವೆಂದು ಕಂಪ್ಯೂಟರ್ ಲೆಕ್ಕ ತೋರಿಸಿದೆ. ನಮ್ಮ ಫಲಕದಲ್ಲಿ ಹುಲಿಗೆ ಹೆಚ್ಚು ಸಡಿಲ ಇದೆ, ಹಾಗಾಗಿ ಕುರಿಯವರು ಇನ್ನೂ ಬಿಗಿಯಾಗಿರಬೇಕು.

2. ನಡುವಿನ ಆಸೆ ಬೇಡ. ಹೊಸಬರೆಲ್ಲ ಮೊದಲ ಕುರಿಯನ್ನು ಹುಲಿಯ ಮುಂದೆಯೇ ಇಡುತ್ತಾರೆ, ಅಡ್ಡಗಟ್ಟುವ ಹುಮ್ಮಸ್ಸಿನಲ್ಲಿ. ಹಿಂದೆ ಖಾಲಿ ಇರುವುದರಿಂದ ಹುಲಿ ತಕ್ಷಣ ಹಾರುತ್ತದೆ.

3. ಗೆರೆ ಮುಗಿಯುವ ಮನೆಗಳಿಂದ ಶುರು ಮಾಡಿ. ನನ್ನ ಮಟ್ಟಿಗೆ ಇಡೀ ಆಟದ ಕೀಲಿ ಇದು. ಹುಲಿ ಹಾರಬೇಕಾದರೆ ಕುರಿಯ ಮೂಲಕ ಗೆರೆ ಆಚೆಗೂ ಹೋಗಬೇಕು. ಮೊದಲ ಮತ್ತು ಮೂರನೆಯ ಅಡ್ಡಸಾಲುಗಳ ನಾಲ್ಕು ಹೊರತುದಿಗಳು, ತಳದ ಎರಡು ತುದಿಗಳು: ಈ ಆರರಲ್ಲೂ ಬಂದ ಗೆರೆ ಅಲ್ಲಿಗೇ ನಿಲ್ಲುತ್ತದೆ. ಅಲ್ಲಿ ಕೂತ ಕುರಿಯನ್ನು ಯಾವ ಹುಲಿಯೂ ತಿನ್ನಲಾರದು. ಇವು ತುಂಬಿದರೆ ನಡುಸಾಲಿನ ಎರಡು ಹೊರತುದಿಗಳೂ ತಳದ ಒಳಗಿನ ಎರಡು ಮನೆಗಳೂ ತಾವಾಗಿಯೇ ಭದ್ರ. ಅಲ್ಲಿಗೆ 10 ಕುರಿ ನೆಲೆಯೂರಿತು.

4. ಆಮೇಲೆ ಒಳಕ್ಕೆ ಹರಡಿ, ಆದರೆ ಆಸರೆ ಬಿಟ್ಟು ಹೋಗಬೇಡಿ. ಹೊಸ ಕುರಿಗೆ ಅಡ್ಡಗೆರೆಯಲ್ಲಿ ಒಂದು ಪಕ್ಕ, ಇಳಿಗೆರೆಯಲ್ಲಿ ಒಂದು ಪಕ್ಕ ನಮ್ಮ ಕುರಿ ಇದ್ದರೆ ಸಾಕು, ಅದನ್ನು ಹಾರುವ ದಾರಿ ಮುಚ್ಚಿತು. ಗೋಡೆ ಕಟ್ಟುವವನು ಇಟ್ಟ ಇಟ್ಟಿಗೆಗೆ ಒತ್ತಿ ಮುಂದಿನದನ್ನು ಇಡುವ ಹಾಗೆ, ಮೂರನೆಯ ಸಾಲನ್ನು ತುದಿಯಿಂದ ಒಳಕ್ಕೆ ತುಂಬುತ್ತ ಬನ್ನಿ. ಅಲ್ಲಿಗೆ 14. ಹದಿನೈದನೆಯದು ನಡುಸಾಲಿನಲ್ಲಿ, ಹೊರತುದಿಯ ಕುರಿಗೆ ತಾಗಿದಂತೆ. ಇಷ್ಟು ಸಾಧಿಸಿದರೆ ಹುಲಿಗಳಿಗೆ ಉಳಿಯುವುದು ಮೇಲಿನ 8 ಮನೆಗಳ ಗೂಡು.

5. ಹುಲಿ ಸುಮ್ಮನೆ ನೋಡುತ್ತ ಕೂರುವುದಿಲ್ಲ. ಬೇಕಾದ ಮನೆಯಲ್ಲಿ ತಾನೇ ಬಂದು ಕೂತು ಕ್ರಮ ಕೆಡಿಸುತ್ತದೆ. ಆಗ ಅದು ಎಲ್ಲಿ ಕೂತಿದೆ ಎಂದು ಲೆಕ್ಕ ಹಾಕಿ. ಮೂಲೆಯ ಹುಲಿಯನ್ನು ಕಟ್ಟಲು 4 ಕಾಯಿ ಸಾಕು: ಎರಡು ಪಕ್ಕದಲ್ಲಿ, ಅವುಗಳ ಹಿಂದೆ ಎರಡು. ಮೂರನೆಯ ಸಾಲಿನ ನಟ್ಟನಡುವಿನ ಮನೆಗಳಲ್ಲಿದ್ದರೆ 7 ಬೇಕು, ನಡುಸಾಲಿನ ನಟ್ಟನಡುವಿನ ಮನೆಗಳಲ್ಲಾದರೆ 8. ಮೂಲೆಗೆ ಬಂದ ಹುಲಿಯನ್ನು ಓಡಿಸಬೇಡಿ, ಬಾಗಿಲು ಹಾಕಿ. ಒಳಗೆ ಬಂದದ್ದನ್ನು ಸದ್ಯ ಬಿಟ್ಟು ಬೇರೆ ಅಂಚು ತುಂಬಿ.

6. ಬಾಯಿಗೆ ಸಿಗುವಂತಹ ಕುರಿ ಒಂದಕ್ಕಿಂತ ಹೆಚ್ಚು ಇರಕೂಡದು. ಹೂಡುವ ಹಂತದಲ್ಲಿ ಕುರಿ ತಪ್ಪಿಸಿಕೊಳ್ಳಲಾರದು. ಅದರ ಹಿಂದಿನ ಖಾಲಿ ಮನೆ ತುಂಬುವುದೇ ಉಪಾಯ. ಸರದಿಗೆ ತುಂಬಲಾಗುವುದು ಒಂದೇ ಮನೆ. ಹುಲಿ ಎರಡು ಕುರಿಗಳ ನಡುವೆ ಬಂದು ನಿಂತರೆ ಒಂದನ್ನು ಮರೆತುಬಿಡಿ.

7. ಹುಲಿ ಆಡುವ ಮಕ್ಕಳಿಗೆ ಒಂದೇ ಮಾತು: ಶಿಖರದ ಬಳಿ ಮೂರೂ ಒಟ್ಟಿಗೆ ಕೂರಬೇಡಿ, ಬೇಗ ಮೂರನೆಯ ಸಾಲಿಗೆ ಇಳಿಯಿರಿ.

ಕೊನೆಯ ಪಾಠಕ್ಕೆ ಮುಂಚೆ ಪಟದ ಬಗ್ಗೆ ಒಂದು ಮಾತು. ಪಟದ ಮೇಲಿನ ಆಟಗಳೆಂದರೆ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪ್ರಾಣವಾಗಿದ್ದವು. ಅವರ ಊರು ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಕ್ರೀಡಾ ಕೌಶಲ್ಯ ಪ್ರದರ್ಶನಗಳನ್ನು ನಡೆಸಿ ಇಂಥ ಆಟಗಳನ್ನು ಮತ್ತೆ ಮನೆಮನೆಗೆ ತಂದಿದೆ. ಚೆನ್ನೈಯಲ್ಲಿ ವಿನಿತಾ ಸಿದ್ಧಾರ್ಥ ಅವರ ‘ಕ್ರೀಡಾ’ ಸಂಸ್ಥೆ ಅದೇ ಕೆಲಸ ಮಾಡುತ್ತಿದೆ. ಬಟ್ಟೆಯ ಪಟ ಕೊಂಡರೂ ಸರಿ, ಆದರೆ ಮಗು ಒಮ್ಮೆಯಾದರೂ ತಾನೇ ಗೆರೆ ಎಳೆಯಲಿ. ಯಾವ ಗೆರೆ ಎಲ್ಲಿ ಮುಗಿಯುತ್ತದೆ ಎಂಬುದು ಆಗ ಕೈಗೇ ತಿಳಿಯುತ್ತದೆ.

8. ಹದಿನೈದೂ ಇಳಿದ ಮೇಲಿನ ಮೊದಲ ನಡೆಗೆ ತುಂಬ ಹೊತ್ತು ತೆಗೆದುಕೊಳ್ಳಿ. ಈಗ ಕದಲಲೇಬೇಕು, ಕದಲಿದ ಕುರಿ ಹಿಂದೆ ತೂತು ಬಿಡುತ್ತದೆ. ಈ ನಡೆಯಲ್ಲಿ ಮೂಲೆಯ ಕುರಿಯನ್ನು ಮುಟ್ಟಬೇಡಿ. ನಾಲ್ಕು ಇಳಿಗೆರೆಗಳಲ್ಲಿ ಒಂದನ್ನು ಹುಡುಕಿ: ನಡುಸಾಲಿನ ಮನೆ ಖಾಲಿಯಿರಬೇಕು, ಅದರ ಪಕ್ಕದಲ್ಲಿ ನಮ್ಮ ಕುರಿ ಇರಬೇಕು, ನೇರ ಮೇಲಿನ ಮನೆಯಲ್ಲಿ ಹುಲಿ ಇರಬಾರದು. ಅಂಥ ಗೆರೆಯಲ್ಲಿ ಮೂರನೆಯ ಸಾಲಿನ ಕುರಿಯನ್ನು ನಡುಸಾಲಿಗೆ ಏರಿಸಿ. ಹುಲಿ ಅದರ ಎದುರಿಗೆ ಬಂದು ನಿಲ್ಲುವಷ್ಟರಲ್ಲಿ ನಿಮ್ಮ ಸರದಿ ಮತ್ತೆ ಬರುತ್ತದೆ; ಆಗ ತಳದ ಕುರಿಯನ್ನು ಮೇಲಕ್ಕೆ ತಂದು ತೂತು ಮುಚ್ಚಿ. ತಳದ ನಾಲ್ಕನ್ನು ಅಷ್ಟು ಹೊತ್ತು ಕಾದಿರಿಸಿದ್ದು ಇದಕ್ಕಾಗಿಯೇ.