ದಫ್ತರದ ದಿನವಹಿಯನ್ನು ಓದುವ ಕ್ರಮ

ವಿಜಯಪುರದ ಅಥಣಿ ರಸ್ತೆಯಲ್ಲಿರುವ ತಿಕೋಟಾ ಮೊದಲಾದ ಊರುಗಳ ಒಕ್ಕಲಿಗರಿಗೆ ಸಾಲಕ್ಕೂ ಹಕ್ಕಿಗೂ ಜಮೀನಿನ ಉತಾರವೇ ಆಧಾರವು. ರಾಜ್ಯದ ಪಹಣಿಗಳು ಭೂಮಿ ಯೋಜನೆಯಿಂದ ಗಣಕಯಂತ್ರವನ್ನು ಸೇರಿದುವು. ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿ ಕಾಪಿಡುವ ಭೂ ಸುರಕ್ಷಾ ಕಾರ್ಯವು 2024ರಲ್ಲಿ ಮೊದಲಾಯಿತು.

ಕಡತಗಳನ್ನು ಕಾಪಿಡುವ ಯಂತ್ರಗಳು ತಾವು ಮಾಡಿದ ಕೆಲಸದ ದಿನವಹಿಯನ್ನು ತಾವೇ ಬರೆದಿಡುವುವು. ಇದಕ್ಕೆ ಲಾಗ್ ಎಂದು ಹೆಸರು. ಅದರ ಪ್ರತಿಯೊಂದು ಸಾಲಿನಲ್ಲಿ ಸಾಮಾನ್ಯವಾಗಿ ವೇಳೆ, ಕೆಲಸ ಮಾಡಿದವರ ಗುರುತು, ಕಡತದ ಹೆಸರು, ಫಲ ಎಂಬ ನಾಲ್ಕು ಸಂಗತಿಗಳಿರುವುವು.

ಮೊದಲು ಫಲವನ್ನು ನೋಡತಕ್ಕದ್ದು. ವಿಫಲವೆಂದಿದ್ದರೆ ಆ ಕಡತವನ್ನು ಪುನಃ ಸೇರಿಸಬೇಕು. ಸಫಲವೆಂದಿದ್ದರೂ ಪುಟಗಳ ಎಣಿಕೆಯನ್ನು ಮೂಲದೊಡನೆ ತಾಳೆ ನೋಡಬೇಕು. 24 ಪುಟಗಳಲ್ಲಿ 22ನ್ನೇ ಕೊಟ್ಟರೂ ಯಂತ್ರವು ಸಫಲವೆಂದೇ ಬರೆಯುವುದು. ಬಿಟ್ಟುಹೋದ ಎರಡು ಪುಟಗಳು ಅಣ್ಣತಮ್ಮಂದಿರ ಪಾಲುಪಟ್ಟಿಯಾಗಿದ್ದರೆ ವ್ಯಾಜ್ಯಕ್ಕೆ ಅದೇ ಬೀಜವು. ತಾಳೆಯಾಗುವವರೆಗೆ ಮೂಲ ಕಡತವನ್ನು ಕಟ್ಟಿಡಕೂಡದು.

ದಿನವಹಿಯು ಯಂತ್ರದೊಳಗೇ ಉಳಿದರೆ ಓದುವವರಿಲ್ಲ. ಪ್ರತಿದಿನವೂ ಗೊತ್ತಾದ ವೇಳೆಗೆ ಅದರ ಸಾರಾಂಶವು ದಫ್ತರ ನೋಡುವವರಿಗೂ ಅವರ ಮೇಲಿನವರಿಗೂ ಮಿಂಚಂಚೆಯಲ್ಲಿ ತಾನಾಗಿ ಹೋಗುವಂತೆ ಏರ್ಪಡಿಸುವುದು ಮೇಲು. ಕೆಲಸವಿಲ್ಲದ ದಿನವೂ ವರದಿಯು ಬರಬೇಕು. ಬಾರದಿದ್ದರೆ ಎಲ್ಲವೂ ಸರಿಯಿದೆಯೆಂದು ತಿಳಿಯದೆ, ಯಂತ್ರವು ನಿಂತಿರಬಹುದೆಂದು ವಿಚಾರಿಸತಕ್ಕದ್ದು. ವರದಿಯಲ್ಲಿ ಕಡತದ ಹೆಸರೂ ಫಲವೂ ಸಾಕು. ಒಕ್ಕಲಿಗರ ಸಾಲದ ವಿವರಗಳಾಗಲಿ ಆಧಾರ್ ಸಂಖ್ಯೆಯಾಗಲಿ ಇರಕೂಡದು.

ಸಹಕಾರಿ ಸಂಘಗಳ ಲೆಕ್ಕಪತ್ರಗಳೂ ಈಗ ಗಣಕಯಂತ್ರವನ್ನು ಸೇರುತ್ತಿರುವುದರಿಂದ, ಅವುಗಳ ಆಡಳಿತ ಮಂಡಲಿಗಳಲ್ಲಿರುವ ಊರ ಮುಖಂಡರು ತಿಂಗಳ ಸಭೆಯಲ್ಲಿ ಈ ವರದಿಯನ್ನು ಓದಿಸಿ, ವಿಫಲವಾದ ಸಾಲುಗಳಿಗೆ ಉತ್ತರವನ್ನು ಕೇಳುವುದು ಯೋಗ್ಯವು.