ಓಡದ ಕಾರಿಗೂ ಖರ್ಚಿದೆ

ಹಳೇ ಕಾರಿಗೆ ಜೀವ ಕೊಡಲು ಹೊರಟವರು ಟಿಂಕರಿಂಗ್, ಪೇಂಟಿಂಗ್, ಇಂಜಿನ್ ಕೆಲಸಕ್ಕೆಂದು ಹಣ ಎತ್ತಿಡುತ್ತಾರೆ. ಕಾರನ್ನು ಸಾಗಿಸುವ ಖರ್ಚು ಮಾತ್ರ ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ರಾಜಾನುಕುಂಟೆಯ ನಮ್ಮ ಹಿತ್ತಲಲ್ಲಿ ವರ್ಷಗಟ್ಟಲೆ ನಿಂತಿದ್ದ ಅಪ್ಪನ 1968ರ ಫಿಯಟ್ 1100 ಅನ್ನು ಯಲಹಂಕದ ಗ್ಯಾರೇಜಿಗೆ ಒಯ್ಯಬೇಕಾದಾಗ ಪರಿಚಯದ ಮೆಕ್ಯಾನಿಕ್, "ನನ್ನ ಜೀಪಿಗೆ ಹಗ್ಗ ಕಟ್ಟಿ ಎಳ್ಕೊಂಡು ಹೋಗೋಣ ಸಾರ್, ಏನೋ ಸ್ವಲ್ಪ ಕೊಡಿ ಸಾಕು" ಎಂದರು. ನಾನು ಒಪ್ಪಲಿಲ್ಲ.

ಕೆಟ್ಟು ನಿಂತ ವಾಹನವನ್ನು ಗ್ಯಾರೇಜಿಗೆ ಎಳೆದೊಯ್ಯಲು ಕಾನೂನಿನ ಅಡ್ಡಿಯಿಲ್ಲ, ಷರತ್ತುಗಳಿವೆ. ಹಿಂದಿನ ಕಾರಿನ ಸ್ಟೀರಿಂಗ್ ಹಿಡಿದು ಲೈಸೆನ್ಸ್ ಇರುವವರು ಕೂತಿರಬೇಕು, ಇಲ್ಲವೇ ಮುಂದಿನ ಚಕ್ರಗಳನ್ನು ಕ್ರೇನ್ ನೆಲದಿಂದ ಎತ್ತಿ ಹಿಡಿದಿರಬೇಕು. ಎರಡು ವಾಹನಗಳ ನಡುವಿನ ಅಂತರ ಐದು ಮೀಟರ್ ದಾಟಬಾರದು. ಹಿಂದೆ 'ಆನ್ ಟೋ' ಫಲಕ ಇರಬೇಕು. ನಮ್ಮ ಫಿಯಟ್‌ನ ವೀಲ್ ಸಿಲಿಂಡರ್‌ಗಳು ಜಾಮ್ ಆಗಿದ್ದವು, ಪೆಡಲ್ ತುಳಿದರೆ ಬ್ರೇಕ್ ಹಿಡಿಯುತ್ತಿರಲಿಲ್ಲ. ದೊಡ್ಡಬಳ್ಳಾಪುರ ರಸ್ತೆಯ ಲಾರಿಗಳ ನಡುವೆ ಅಂಥ ಕಾರಿನಲ್ಲಿ ಯಾರನ್ನು ಕೂರಿಸುವುದು?

ಇನ್ನು ವಿಮೆ. ಎಳೆಯುವ ವಾಹನದ ಸಾಮಾನ್ಯ ಪಾಲಿಸಿ, ಬಾಡಿಗೆ ಪಡೆಯದೆ ಎಳೆದರಷ್ಟೇ ಬೇರೆಯವರಿಗಾದ ಹಾನಿಯನ್ನು ಭರಿಸುತ್ತದೆ. ಹಿಂದಿನ ಕಾರಿಗೆ ಪೆಟ್ಟಾದರೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ. "ಏನೋ ಸ್ವಲ್ಪ" ಕೊಟ್ಟ ಕ್ಷಣಕ್ಕೆ ಮೊದಲಿನ ರಕ್ಷಣೆಯೂ ಹೋಯಿತು. ನಮ್ಮದೇ ಸಮಗ್ರ ಪಾಲಿಸಿ ಇದ್ದರೂ ಅದು ಟೋಯಿಂಗ್‌ಗೆ ಕೊಡುವ 1,500 ರೂಪಾಯಿ ಅಪಘಾತವಾದ ಕಾರಿಗೆ, ರಿಪೇರಿಗೆ ಹೊರಟ ಕಾರಿಗಲ್ಲ. ಥರ್ಡ್ ಪಾರ್ಟಿ ವಿಮೆಯೇ ಇಲ್ಲದೆ ರಸ್ತೆಗಿಳಿಸಿದರೆ ಮೊದಲ ಸಲಕ್ಕೇ 2,000 ರೂಪಾಯಿ ದಂಡ ಬೀಳಬಹುದು. ಅವಘಡವಾದರೆ ಪರಿಹಾರದ ಹೊರೆ ಮಾಲೀಕರ ತಲೆಗೆ ಬರುತ್ತದೆ.

ಹೀಗಾಗಿ ಕಾರನ್ನು ಮೇಲೇರಿಸಿಕೊಂಡು ಹೋಗುವ ಫ್ಲಾಟ್‌ಬೆಡ್ ಲಾರಿ ತರಿಸಿದೆ. ಬಿಲ್ಲಿನಲ್ಲಿ ಚಾಸಿ ನಂಬರ್, ಎಲ್ಲಿಂದ ಎಲ್ಲಿಗೆ ಎಂಬ ವಿವರ ಬರೆಸಿದೆ. ಸಾಗಣೆ ವಿಮೆ ಇದೆಯೇ ಎಂದು ಕೇಳಿ, ಕಾಗದ ನೋಡಿಯೇ ಮುಂಗಡ ಕೊಟ್ಟೆ. ಬೆಲ್ಟುಗಳನ್ನು ಚಕ್ರಗಳಿಗೆ ಬಿಗಿಸಿದರು. ತುಕ್ಕು ತಿಂದ ಬಂಪರಿಗೆ ಕೊಂಡಿ ಹಾಕಿದ್ದರೆ ಬ್ರಾಕೆಟ್ಟೇ ಕಿತ್ತು ಬರುತ್ತಿತ್ತು. ಆರ್‌ಸಿ ಪ್ರತಿಯನ್ನು ಡ್ರೈವರ್ ಕೈಗೆ ಕೊಟ್ಟಿದ್ದೆ.

ಆ ಆರ್‌ಸಿಗೂ ದುಡ್ಡು ತೆಗೆದಿಡಿ. 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2025ರಿಂದ 10,000 ರೂಪಾಯಿ ಶುಲ್ಕ, ಅದೂ ಐದು ವರ್ಷಕ್ಕೆ. ತಡವಾದ ಪ್ರತಿ ತಿಂಗಳಿಗೆ 500 ಸೇರುತ್ತದೆ. ಕಾರು ಶೆಡ್ಡಿನಲ್ಲಿ ನಿಂತಿದ್ದರೂ ವರ್ಷಕ್ಕೆ 6,000 ಬೆಳೆಯುತ್ತದೆ. 50 ವರ್ಷ ದಾಟಿದ್ದರೆ 2021ರ ವಿಂಟೇಜ್ ನಿಯಮದಡಿ 20,000 ಕಟ್ಟಿ ಹತ್ತು ವರ್ಷದ ನೋಂದಣಿ ಪಡೆಯಬಹುದು, ಆಮೇಲಿನ ಮರುನೋಂದಣಿಗೆ 5,000 ಸಾಕು. ಆದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು. ಸುಲಭವೆಂದು ಬೇರೆ ಇಂಜಿನ್ ಕೂರಿಸಿದರೆ ಆ ದಾರಿ ಮುಚ್ಚಿತು.

ಆದ್ದರಿಂದ ಬೋಲ್ಟು ಬಿಚ್ಚುವ ಮೊದಲು ಕಾಗದ ಬಿಚ್ಚಿ. ಯಾವ ನೋಂದಣಿ ಬೇಕೆಂದು ತೀರ್ಮಾನಿಸಿ, ಸಾಗಣೆಗೆ ಹಣ ತೆಗೆದಿಡಿ, ಬಣ್ಣ ಆಮೇಲೆ ಆರಿಸಿದರಾಯಿತು.