ಮಾರ್ಕು ಅವಳದ್ದು, ಮಾಷ್ಟ್ರೇ

1998ರ ಡಿಸೆಂಬರ್. ನಾನಾಗ ಪ್ರಥಮ ಪಿಯುಸಿ. ಮಂಗಳೂರಿನಲ್ಲಿ ನಾನು ಕಲಿತ ಶಾಲೆಯ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ಮನೆಗೆ ಬಂತು. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೆ ಪ್ರಥಮ ಬಂದವರಿಗೆ ಕೊಡುವ ದತ್ತಿ ಬಹುಮಾನದ ಎದುರು ನನ್ನ ಗೆಳತಿಯ ಹೆಸರಿತ್ತು. 625ರಲ್ಲಿ ಅವಳಿಗೆ 548, ನನಗೆ 551.

ಅಚ್ಚಿನ ತಪ್ಪಿರಬೇಕೆಂದು ಅಮ್ಮನ ಜೊತೆ ಶಾಲೆಗೆ ಹೋದೆ. "ಈ ಸಲ ನಡತೆ, ಚಟುವಟಿಕೆ ಎಲ್ಲ ನೋಡಿದ್ದೇವೆ" ಎಂದರು ಹೆಡ್ಮಾಷ್ಟ್ರು. ಮತ್ತೆ ಸಮಾಧಾನ ಹೇಳುವವರಂತೆ, "ನಿಮ್ಮವರಿಗೆ ಹೇಗೂ ಸ್ಕಾಲರ್‌ಶಿಪ್ ಬರ್ತದಲ್ಲ" ಎಂದರು. ನಾವು ಪರಿಶಿಷ್ಟ ಜಾತಿಯವರು. ನಿಜವಾದ ಕಾರಣ ಆ ಮಾತಿನಲ್ಲಿ ಹೊರಬಿತ್ತು.

ಅಮ್ಮ ಬೀಡಿ ಕಟ್ಟುವವಳು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿಯಲ್ಲಿ ಅದು ಸರಿಯಿಲ್ಲವೆಂದು ತೆಗೆದಿಟ್ಟರೆ ಯಾಕೆಂದು ಕೇಳದೆ ಬಂದವಳಲ್ಲ. "ಸ್ಕಾಲರ್‌ಶಿಪ್ ಸರಕಾರದ್ದು, ಮಾರ್ಕು ಅವಳದ್ದು, ಮಾಷ್ಟ್ರೇ" ಎಂದಳು. ಅವರು ಉತ್ತರಿಸಲಿಲ್ಲ.

ಆ ರಾತ್ರಿ ತುಂಬ ಅತ್ತೆ. ಬೀಡಿ ಕಾರ್ಮಿಕರ ಸಂಘದಲ್ಲಿದ್ದ ನೆರೆಮನೆಯ ಅಣ್ಣ ಬಂದು, "ಜಾತಿಯ ವಿಷಯ ಎತ್ತಿದರೆ ಅವರು ಇಲ್ಲ ಅಂತಾರೆ. ಮೊದಲು ನಿಯಮ ಕೇಳು" ಎಂದರು. ಹಾಗೆಯೇ ಶಾಲೆಗೆ ಅರ್ಜಿ ಬರೆದೆವು. ಅದರಲ್ಲಿ ಮೂರೇ ಪ್ರಶ್ನೆ: ದತ್ತಿ ಇಟ್ಟವರು ಬರೆದ ಷರತ್ತೇನು? ಅದು ಯಾವಾಗ ಬದಲಾಯಿತು? ಬದಲಿಸಿದ ನಿರ್ಣಯದ ಪ್ರತಿ ಎಲ್ಲಿದೆ? ಗುಮಾಸ್ತರು ನಮ್ಮ ಪ್ರತಿಗೆ ಸೀಲು ಹಾಕಲು ಒಪ್ಪಲಿಲ್ಲ. ಅಮ್ಮ ವರಾಂಡದ ಬೆಂಚಿನಲ್ಲಿ ಕೂತಳು. ಮನೆಯಲ್ಲಿ ತಡ್ಪೆಯ ತುಂಬ ಎಲೆ ಕತ್ತರಿಸಿಟ್ಟು ಬಂದಿದ್ದಳು. ಅವತ್ತಿನ ಕೂಲಿ ಹೋಯಿತು. ಸಂಜೆ ನಾಲ್ಕಕ್ಕೆ ಸೀಲು ಬಿತ್ತು.

ಕೊನೆಗೆ ಸಿಕ್ಕ ಷರತ್ತು ಒಂದೇ ಸಾಲಿನದು: ಅತಿ ಹೆಚ್ಚು ಅಂಕ. ಬಹುಮಾನ ನನಗೇ ಬಂತು, ಆದರೆ ವಾರ್ಷಿಕೋತ್ಸವ ಮುಗಿದು ವಾರದ ನಂತರ, ಆಫೀಸಿನ ಮೇಜಿನ ಮೇಲಿಂದ. ಅಮ್ಮನೊಬ್ಬಳೇ ಚಪ್ಪಾಳೆ ತಟ್ಟಿದಳು.

2023ರ ಆಗಸ್ಟ್‌ನಲ್ಲಿ ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಸುದ್ದಿ ಓದಿದಾಗ ಆ ಮೇಜು ಕಣ್ಣೆದುರು ಬಂತು. ಹತ್ತನೆಯ ತರಗತಿಯಲ್ಲಿ ಮೊದಲಿಗಳಾದ ಮುಸ್ಲಿಂ ಹುಡುಗಿಯನ್ನು ಬಿಟ್ಟು ಸ್ವಾತಂತ್ರ್ಯ ದಿನದಂದು ಎರಡನೆಯವರನ್ನು ವೇದಿಕೆಗೆ ಕರೆದರೆಂದು ಹೆತ್ತವರು ದೂರಿದ್ದರು. ತಾರತಮ್ಯ ಮಾಡಿಲ್ಲ, ಜನವರಿ 26ಕ್ಕೆ ಕೊಡುತ್ತೇವೆ ಎಂದಿತ್ತು ಶಾಲೆ. ಬಹುಮಾನವನ್ನು ಆಮೇಲೆ ಕೊಡಬಹುದು. ಊರಿನವರೆದುರು ಹೆಸರು ಕರೆಯುವ ಆ ಗಳಿಗೆಯನ್ನು ಆಮೇಲೆ ಕೊಡಲು ಯಾರಿಂದಲೂ ಆಗದು.

ನಾನು ಕಲಿತದ್ದು ಇಷ್ಟು. ಮೊದಲನೆಯದು, ಮಾತಿಗಿಂತ ಕಾಗದ ಗಟ್ಟಿ. ಅರ್ಜಿ ಕೊಟ್ಟರೆ ಸೀಲು ಹಾಕಿದ ಪ್ರತಿ ಕೈಯಲ್ಲಿರಬೇಕು. ಈಗ ಸರಕಾರಿ ಶಾಲೆಯಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ದಾಖಲೆ ಕೇಳಬಹುದು; ಬಿಇಒ, ಡಿಡಿಪಿಐ ಕಚೇರಿಗಳಿಗೆ, ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಕೊಡಬಹುದು; ಮಗು ತಾನೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಎರಡನೆಯದು, ಇನ್ನೊಂದು ಮಗುವಿನ ಮೇಲೆ ಸಿಟ್ಟು ಬೇಡ. ನಾನು ಗೆಳತಿಯೊಡನೆ ಎರಡು ವರ್ಷ ಮಾತು ಬಿಟ್ಟಿದ್ದೆ. ಅವಳು ಯಾವ ತಪ್ಪನ್ನೂ ಮಾಡಿರಲಿಲ್ಲ.

ನನ್ನ ಅಜ್ಜ ಅಕ್ಷರ ಕಲಿತದ್ದು ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ತೆರೆದ ಶಾಲೆಯಲ್ಲಿ. 1897ರಲ್ಲಿ ಇದೇ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಸ್ವಂತ ಜಾತಿಯವರ ಬಹಿಷ್ಕಾರ ಉಂಡವರು ಅವರು. ಕಲಿತ ದಲಿತ ಮಗು ಮುಂದೆ ಕಾರಿನಲ್ಲಿ ಓಡಾಡಿ, ಆ ಚಕ್ರದ ಧೂಳು ತನ್ನ ತಲೆಗೆ ತಾಗಬೇಕೆಂಬುದು ಅವರ ಆಸೆಯಾಗಿತ್ತು. ಅಜ್ಜ ನನ್ನನ್ನು ಬಾಬುಗುಡ್ಡೆಯ ಅವರ ಸಮಾಧಿಗೆ ಕರೆದೊಯ್ದು ಇದನ್ನು ಹೇಳುತ್ತಿದ್ದರು. ಶಾಲೆಯ ಬಾಗಿಲು ಅಜ್ಜನ ಕಾಲಕ್ಕೇ ತೆರೆದಿತ್ತು. ವೇದಿಕೆಯ ಮೆಟ್ಟಿಲು ಮೊಮ್ಮಗಳ ಕಾಲಕ್ಕೂ ಪೂರ್ತಿ ತೆರೆದಿರಲಿಲ್ಲ.

ಈಗ ನಾನೂ ಟೀಚರ್. ಪ್ರತಿ ಜೂನ್‌ನಲ್ಲಿ ನಮ್ಮ ಶಾಲೆಯ ಎಲ್ಲ ದತ್ತಿ ಬಹುಮಾನಗಳ ಷರತ್ತುಗಳನ್ನು ಬರೆದು ನೋಟಿಸ್ ಬೋರ್ಡಿಗೆ ಹಾಕುತ್ತೇನೆ. ಹೋದ ವರ್ಷ ಒಬ್ಬ ಹುಡುಗ ಆ ಸಾಲುಗಳ ಮೇಲೆ ಬೆರಳಿಟ್ಟು ಓದಿ, ನೇರ ನನ್ನ ಹತ್ತಿರ ಬಂದು ಕೇಳಿದ: "ಟೀಚರ್, ಗಣಿತದ್ದು ನನಗೆ ಬರ್ಬೇಕಲ್ವಾ?"

ರಿಜಿಸ್ಟರ್ ತೆಗೆದು ಅವನಿಗೇ ತೋರಿಸಿದೆ. ಅವನು ಹೇಳಿದ್ದು ಸರಿಯಿತ್ತು.